ದೂರು ಕೊಡದ ದುಂಡೇಶ ಅವರಿಗೆ

ಆರ್‌ಪಿಸಿ ಲೇಔಟ್, ವಿಜಯನಗರ
ಶನಿವಾರ, 6 ಅಕ್ಟೋಬರ್ 2007

ಇವರಿಗೆ,
ಶ್ರೀ ದುಂಡೇಶ ಅವರು,
ಬಾಲ್ ಪೈಥಾನ್ ಜಾತಿಯ ಹೆಬ್ಬಾವು,
ನೀಲಿ ಪ್ಲಾಸ್ಟಿಕ್ ಡಬ್ಬಿ, ನಡುಮನೆಯ ಮೂಲೆ,
ನಮ್ಮ ಮನೆ.

ವಿಷಯ: ತಮಗಾಗಿ ಕಟ್ಟಿಸಿದ ಮನೆಯ ಬಗ್ಗೆ ತಾವು ಯಾವುದೇ ದೂರು ಸಲ್ಲಿಸದಿರುವುದರ ವಿರುದ್ಧ ದೂರು.

ಮಾನ್ಯರೇ,

ದೊಡ್ಡವರಿಗೆ ಪತ್ರ ಬರೆಯುವಾಗ ಪಾದಗಳಿಗೆ ನಮಸ್ಕರಿಸಿ ಆರಂಭಿಸುವುದು ನಮ್ಮ ಮನೆತನದ ರೂಢಿ. ತಮಗೆ ಪಾದಗಳೇ ಇಲ್ಲವಲ್ಲ ಎಂದು ಪೆನ್ನು ಹಿಡಿದು ಯೋಚಿಸುತ್ತ ಕುಳಿತಿದ್ದಾಗ, ತಮ್ಮ ಬಾಲದ ಬುಡದಲ್ಲಿ ಎರಡು ಪುಟ್ಟ ಉಗುರುಗಳಿವೆಯೆಂದೂ, ಯಾವುದೋ ಕಾಲದಲ್ಲಿ ತಮ್ಮ ಪೂರ್ವಜರಿಗಿದ್ದ ಕಾಲುಗಳ ಗುರುತು ಅವೇ ಎಂದೂ ನನ್ನ ಮಗಳು ಗಗನಾ ಹಿಂದೊಮ್ಮೆ ಹೇಳಿದ್ದು ನೆನಪಾಯಿತು. ಆ ಎರಡು ಉಗುರುಗಳಿಗೆ ಅನಂತ ನಮಸ್ಕಾರಗಳು. ಇತ್ತ ನಾವು ಕ್ಷೇಮ. ತಮ್ಮ ಕ್ಷೇಮದ ಬಗ್ಗೆ ತಾವು ಏನನ್ನೂ ತಿಳಿಸುವುದಿಲ್ಲ ಎಂಬುದಕ್ಕೇ ಈ ಪತ್ರ.

ಇದನ್ನು ಬಹಿರಂಗವಾಗಿ ಬರೆಯಲು ಎರಡು ಕಾರಣಗಳಿವೆ. ತಮಗೆ ಓದು ಬಾರದಾದ್ದರಿಂದ ಲಕೋಟೆಗೆ ಅಂಟು ಹಚ್ಚುವುದು ವ್ಯರ್ಥ ಎಂಬುದು ಮೊದಲನೆಯದು. ತಮ್ಮ ಆರೋಗ್ಯ ವಿಚಾರಿಸಲು ಬೆಳಗ್ಗೆ ಹಾಲಿನ ಚೊಂಬು, ಸಂಜೆ ಊದುಬತ್ತಿ ಹಿಡಿದು ಬರುವ ನಮ್ಮ ಅಡ್ಡರಸ್ತೆಯ ಸಜ್ಜನರಿಗೆ ಒಬ್ಬೊಬ್ಬರಿಗೂ ಮೊದಲಿನಿಂದ ಕೊನೆಯವರೆಗೆ ನಡೆದದ್ದನ್ನು ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ ಎಂಬುದು ಎರಡನೆಯದು. ಇದರ ಒಂದು ಪ್ರತಿಯನ್ನು ಗೇಟಿಗೆ ಅಂಟಿಸಲಾಗುವುದು. ಅಲ್ಲಿಯೇ ನಿಂತು ಓದಿ, ಹಾಲನ್ನು ವಾಪಸ್ ತೆಗೆದುಕೊಂಡು ಹೋಗಿ ಕಾಫಿ ಮಾಡಿಕೊಂಡು ಕುಡಿಯಬೇಕಾಗಿ ಸರ್ವರಲ್ಲಿ ವಿನಂತಿ.

ನನ್ನ ಪರಿಚಯ ತಮಗೆ ವಾಸನೆಯಿಂದ ಇದ್ದೇ ಇದೆ. ಗೇಟಿನ ಬಳಿ ನಿಂತವರ ಸಲುವಾಗಿ ಹೇಳುವುದಾದರೆ, ನಾನು ಪಂಕಜಾ, ಐವತ್ನಾಲ್ಕು ವರ್ಷ, ಒಂದು ಸರ್ಕಾರಿ ಕಚೇರಿಯ ಅಹವಾಲು ಶಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷಗಳಿಂದ ಸಾರ್ವಜನಿಕರ ದೂರುಗಳನ್ನು ಓದಿ, ನಂಬರು ಹಾಕಿ, ಉತ್ತರ ಬರೆಯುತ್ತಿರುವವಳು. ಯಾವ ಕಚೇರಿ ಎಂದು ಹೇಳುವುದಿಲ್ಲ, ಹೇಳಿದರೆ ನಾಳೆಯಿಂದ ಹಾಲಿನ ಚೊಂಬಿನ ಜೊತೆ ಅರ್ಜಿಯೂ ಬರುತ್ತದೆ. ಬೀದಿ ದೀಪ ಉರಿಯುವುದಿಲ್ಲ ಎಂದು ದೂರಿದವರನ್ನು ನಾನು ಕಂಡಿದ್ದೇನೆ, ಅದು ಉರಿಯುವುದರಿಂದ ನಿದ್ದೆ ಬರುವುದಿಲ್ಲ ಎಂದು ದೂರಿದವರನ್ನೂ ಕಂಡಿದ್ದೇನೆ. ಪಕ್ಕದ ಮನೆಯ ತೆಂಗಿನ ಮರ ತಮ್ಮ ಕಡೆಗೆ ಬಾಗಿದೆ ಎಂದು ಹನ್ನೊಂದು ವರ್ಷ ಬರೆದ ಮಹನೀಯರೊಬ್ಬರು, ಮರ ಕಡಿದ ಮೇಲೆ, ಈಗ ತಮ್ಮ ಅಂಗಳದಲ್ಲಿ ಕಾಯಿ ಬೀಳುತ್ತಿಲ್ಲ ಎಂದು ಬರೆದರು. ಇವರೆಲ್ಲರಿಗೂ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಉತ್ತರ ಬರೆದು ಪಳಗಿದ ಕೈ ನನ್ನದು. ಆ ಗಾದೆಯ ಮೊದಲ ಅರ್ಧ ಎಷ್ಟು ಕಷ್ಟದ್ದೆಂದು ತಾವು ಬಂದ ಮೇಲೆಯೇ ತಿಳಿಯಿತು.

ತಾವು ಬಂದದ್ದು ಜೂನ್ ತಿಂಗಳ ಕೊನೆಯಲ್ಲಿ, ಹೂವಿನ ಚಿತ್ತಾರದ ದಿಂಬಿನ ಚೀಲದೊಳಗೆ, ಗಗನಾಳ ಸ್ಕೂಟಿಯಲ್ಲಿ ಅವಳ ಕಾಲ ಬಳಿ ಕುಳಿತು. ಗಗನಾ ಬಿಎಸ್ಸಿ ಎರಡನೇ ವರ್ಷದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಾಳೆ. ಅವಳ ಸಹಪಾಠಿ ಆತ್ರೇಯ ಎಂಬುವನು ತಮ್ಮನ್ನು ಬಸವೇಶ್ವರನಗರದ ತನ್ನ ಅಜ್ಜಿಯ ಮನೆಯಲ್ಲಿ ಸಾಕುತ್ತಿದ್ದನಂತೆ. ಒಂದು ದಿನ ಅಜ್ಜಿ ಮಂಚದ ಕೆಳಗೆ ಚಪ್ಪಲಿಗಾಗಿ ಕೈಯಾಡಿಸಿ, ಬದಲಿಗೆ ತಮ್ಮನ್ನು ಮುಟ್ಟಿ, "ಈ ಮನೇಲಿ ನಾನಾದ್ರೂ ಇರ್ಬೇಕು, ಇದಾದ್ರೂ ಇರ್ಬೇಕು" ಎಂದರಂತೆ. ಮನೆ ಅಜ್ಜಿಯ ಹೆಸರಿನಲ್ಲಿ ಇದ್ದುದರಿಂದ ತಾವು ಹೊರಟಿರಿ. "ಎರಡೇ ದಿನ ಅಮ್ಮ, ವಿಷ ಇಲ್ಲ, ಆಫ್ರಿಕಾದ್ದು, ತುಂಬಾ ನಾಚಿಕೆ ಸ್ವಭಾವ" ಎಂದು ಗಗನಾ ಒಂದೇ ಉಸಿರಿನಲ್ಲಿ ಹೇಳಿದಳು. ನಮ್ಮ ಮನೆಯಲ್ಲಿ ವರನ ಕಡೆಯವರ ಮುಂದೆ ಕೂಡ ಯಾರನ್ನೂ ಇಷ್ಟು ಹೊಗಳಿದ್ದಿಲ್ಲ. ಚೀಲ ಬಿಚ್ಚಿದಾಗ ಮೂರಡಿ ಉದ್ದದ ತಾವು, ತಲೆಯನ್ನು ನಟ್ಟನಡುವೆ ಬಚ್ಚಿಟ್ಟು, ಮೈಯನ್ನೆಲ್ಲ ಸುತ್ತಿಕೊಂಡು, ಬೆಲ್ಲದ ಬಣ್ಣದ ಉಂಡೆಯಾಗಿ ಕುಳಿತಿದ್ದಿರಿ. ಹೆದರಿದಾಗ ಹೀಗೆ ಉಂಡೆಯಾಗುವುದು ತಮ್ಮ ಕುಲದ ಪದ್ಧತಿಯಂತೆ. ಹೆದರಿದವಳು ನಾನೂ ಹೌದು, ಆದರೆ ನನ್ನ ಬೆನ್ನು ನೋವಿನಲ್ಲಿ ಆ ಸೌಲಭ್ಯವಿಲ್ಲ.

ಮೊದಲು ತಮ್ಮನ್ನು ಕಂಬಳಿ ತುಂಬಿಡುವ ಹಳೆಯ ಡಬ್ಬಿಯೊಂದರಲ್ಲಿ, ಮುಚ್ಚಳದ ಮೇಲೆ ಎರಡು ದಪ್ಪ ನಿಘಂಟುಗಳನ್ನು ಹೇರಿ ಇಡಲಾಯಿತು. ಮೂರನೆಯ ದಿನ ಬೆಳಗ್ಗೆ ನಿಘಂಟುಗಳು ಇದ್ದವು, ತಾವು ಇರಲಿಲ್ಲ. ನಾನೂ ಗಗನಾಳೂ ಅಕ್ಕಿ ಡಬ್ಬದಿಂದ ಹಿಡಿದು ಅಟ್ಟದವರೆಗೆ ಹುಡುಕುತ್ತಿದ್ದೆವು. ವಿಮೆ ಏಜೆಂಟರಾದ ನನ್ನ ಯಜಮಾನರು ಚಕ್ರಪಾಣಿಯವರಿಗೆ ಹೊರಗೆ ಹೋಗುವ ಆತುರ. ಬಾಗಿಲ ಬಳಿ ನಿಂತು, "ಪಂಕಜಾ, ಹೆಲ್ಮೆಟ್ ಯಾಕೋ ಭಾರ ಇದೆ ಕಣೇ" ಎಂದರು. ಹೆಲ್ಮೆಟ್ ಕಡ್ಡಾಯವಾಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ, ಹೊಸ ನಿಯಮದಲ್ಲಿ ತೂಕವೂ ಹೆಚ್ಚಾಗಿರಬಹುದು ಎಂದುಕೊಂಡು ಅವರು ಅದನ್ನು ತಲೆಯವರೆಗೆ ಎತ್ತಿಯೂ ಆಗಿತ್ತು. ಅಂದು ಅವರ ಕೂದಲಿಗೂ ತಮ್ಮ ಮೂಗಿಗೂ ನಡುವೆ ಉಳಿದಿದ್ದ ನಾಲ್ಕು ಬೆರಳಿನ ಜಾಗದಲ್ಲಿ ನಮ್ಮ ಸಂಸಾರ ನಿಂತಿತ್ತು. ಮರುಗಳಿಗೆಯಲ್ಲೇ ನಾನು ತೀರ್ಮಾನ ಮಾಡಿದೆ: ಈ ಪ್ರಾಣಿ ಈ ಮನೆಯಲ್ಲಿ ಇರುವುದಾದರೆ ಇದಕ್ಕೊಂದು ಸರಿಯಾದ ಮನೆ ಆಗಲೇಬೇಕು.

ತಮಗೆ ಎಂಥ ಮನೆ ಬೇಕೆಂದು ಗಗನಾ ಸೈಬರ್ ಸೆಂಟರಿನಿಂದ ನಾಲ್ಕು ಹಾಳೆ ಪ್ರಿಂಟ್ ತೆಗೆಸಿಕೊಂಡು ಬಂದಳು. ಅದರ ಪ್ರಕಾರ ಮನೆಯ ಒಂದು ಬದಿ ಬೆಚ್ಚಗೆ, ಇನ್ನೊಂದು ಬದಿ ತಂಪಾಗಿರಬೇಕು. ಎರಡೂ ಬದಿಗೆ ಒಂದೊಂದು ಅಡಗುವ ಗೂಡು ಬೇಕು, ಅದೂ ಮೈಗೆ ಒತ್ತಿಕೊಳ್ಳುವಷ್ಟು ಇಕ್ಕಟ್ಟಾಗಿ. ತಾವು ಸುತ್ತಿಕೊಂಡು ಮುಳುಗುವಷ್ಟು ಅಗಲದ ನೀರಿನ ಬೋಗುಣಿ, ಗಾಳಿಯಲ್ಲಿ ಹದವಾದ ತೇವ, ಬೀಗದಂಥ ಮುಚ್ಚಳ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ತಟ್ಟದ, ಯಾರೂ ಇಣುಕದ ಮೂಲೆ. ಇದನ್ನು ಓದಿ ನನಗೆ ತಮ್ಮ ಮೇಲೆ ಅಸೂಯೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ಯಾರೂ ಇಣುಕದ ಮೂಲೆ ನನಗೆ ಸಿಕ್ಕಿರುವುದು ಬಚ್ಚಲುಮನೆಯಲ್ಲಿ ಮಾತ್ರ, ಅಲ್ಲಿಯೂ "ನನ್ನ ಕನ್ನಡಕ ನೋಡಿದ್ಯಾ" ಎಂದು ಬಾಗಿಲು ತಟ್ಟುವವರಿದ್ದಾರೆ. ಬೆಚ್ಚಗಿನ ಬದಿಗೆ ತೊಂಬತ್ತು ಡಿಗ್ರಿ ಎಂದು ಬರೆದಿತ್ತು. "ತೊಂಬತ್ತಾ? ಬೆಂದು ಸಾರಾಗಿ ಹೋಗತ್ತೆ" ಎಂದು ಯಜಮಾನರು ಗಾಬರಿಯಾದರು. ಅದು ಅಮೆರಿಕದವರ ಡಿಗ್ರಿ, ನಮ್ಮ ಲೆಕ್ಕದಲ್ಲಿ ಮೂವತ್ತೆರಡು ಎಂದು ಗಗನಾ ಕಾಗದದ ಮೇಲೆ ಗುಣಿಸಿ ಭಾಗಿಸಿ ತೋರಿಸಿದ ಮೇಲೆ, ನನ್ನ ಬೆನ್ನು ನೋವಿಗೆಂದು ತಂದಿದ್ದ ಹೀಟಿಂಗ್ ಪ್ಯಾಡ್ ಯಾವ ಆದೇಶವೂ ಇಲ್ಲದೆ ತಮ್ಮ ಸೇವೆಗೆ ವರ್ಗಾವಣೆಯಾಯಿತು. ಅಂದಿನಿಂದ ತಾವು ಬೆಚ್ಚಗಿದ್ದೀರಿ, ನಾನು ನಡುವಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದೇನೆ.

"ಕ್ಲಿಪ್ ಇರೋ ಪ್ಲಾಸ್ಟಿಕ್ ಡಬ್ಬಿ ಸಾಕಮ್ಮ, ಕೆಳಗೆ ಪೇಪರ್ ಹಾಕಿದ್ರೆ ಆಯ್ತು" ಎಂದು ಗಗನಾ ಹೇಳಿದಳು. ಈ ವಾಕ್ಯವನ್ನು ನಾನು ಇಲ್ಲಿ ಉದ್ದೇಶಪೂರ್ವಕವಾಗಿ ದಾಖಲಿಸುತ್ತಿದ್ದೇನೆ. ಅವಳು ಹೇಳಿದ್ದು ಸರಿಯಾಗಿತ್ತು. ಆದರೆ ಮನೆಗೆ ಬಂದವರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಡುವುದೇ, ನಾಲ್ಕು ಜನ ಏನೆಂದಾರು ಎಂದು ನನಗೆ ಅನ್ನಿಸಿತು. ಗಗನಾ ಕಾಲೇಜಿನ ಕಡೆಯಿಂದ ವಾರದ ಪ್ರವಾಸ ಹೋದ ಸಮಯ ನೋಡಿ ಹೇರೋಹಳ್ಳಿಯ ಬಡಗಿ ಅಮೀನಪ್ಪನವರನ್ನು ಕರೆಸಿದೆ. ಅವರು ಇಳಕಲ್ಲಿನ ಕಡೆಯವರು, ಹತ್ತು ವರ್ಷದಿಂದ ಇಲ್ಲಿ ಶೆಡ್ ಹಾಕಿಕೊಂಡು ಹೊಸ ಮನೆಗಳಿಗೆ ದೇವರ ಮಂಟಪ ಮಾಡಿಕೊಡುತ್ತಾರೆ. ಬಾಗಿಲು, ಮಂಚ, ಕಪಾಟು ಯಾವುದನ್ನೂ ಮುಟ್ಟುವುದಿಲ್ಲ, ಮಂಟಪ ಮಾತ್ರ. ತಮ್ಮನ್ನು ಕಂಡ ಕೂಡಲೇ ಚಪ್ಪಲಿಯನ್ನು ಗೇಟಿನ ಆಚೆಗೆ ಬಿಟ್ಟು ಬಂದು ಕೈ ಮುಗಿದರು. "ಹೆಂಗ್ ದುಂಡಗ ಕುಂತಾನ ನೋಡ್ರಿ ಅಕ್ಕಾರ, ದುಂಡೇಶ ಅಂತ ಕರೀರಿ" ಎಂದು ತಮಗೆ ನಾಮಕರಣ ಮಾಡಿದವರೂ ಅವರೇ. ಪ್ಲೈವುಡ್ಡಿನಲ್ಲಿ ಒಂದು ಪೆಟ್ಟಿಗೆ ಮಾಡಿಕೊಡಿ ಎಂದಾಗ ಅವರ ಮುಖ ಸಣ್ಣದಾಯಿತು. "ನಾಗಪ್ಪಗ ಪ್ಲೈವುಡ್ ಮನಿ ಮಾಡೂದಂದ್ರ ನನ್ನ ಕೈ ಏಳೂದಿಲ್ರಿ. ದೇವದಾರು ಹಾಕ್ತೀನಿ. ಹುಳ ಹತ್ತೂದಿಲ್ಲ, ಗೆದ್ದಲ ಹತ್ತೂದಿಲ್ಲ, ವಾಸನಿ ನೋಡ್ರಿ ಒಮ್ಮೆ" ಎಂದು ಒಂದು ತುಂಡನ್ನು ನನ್ನ ಮೂಗಿಗೆ ಹಿಡಿದರು. ಘಮ್ಮೆಂದಿತು. ನಾನು ಹೂಂ ಎಂದೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಅಮೀನಪ್ಪನವರು ಕಟ್ಟಿದ ಮನೆಯನ್ನು ನೋಡಿದವರು ಇದಕ್ಕಿಂತ ಮದುವೆಯೇ ಸುಲಭ ಎಂದರು. ನಾಲ್ಕು ಕಂಬ, ಕಂಬಕ್ಕೆ ಬಳ್ಳಿ, ಮೇಲೆ ಗೋಪುರ, ಗೋಪುರಕ್ಕೆ ಕಳಶ, ಮುಂದೆ ಗಾಜಿನ ಬಾಗಿಲು, ಬಾಗಿಲಿಗೆ ಸಾಲಾಗಿ ಒಂಬತ್ತು ಗಂಟೆಗಳು. ದೀಪಕ್ಕೆಂದು ಒಂದು ಹಲಗೆಯನ್ನೂ ಅವರು ತಮ್ಮ ಕಡೆಯಿಂದ ಸೇರಿಸಿದ್ದರು. ಮರ ಉಜ್ಜುವಾಗ ಉದುರಿದ ದೇವದಾರಿನ ಸುರುಳಿಗಳನ್ನೆಲ್ಲ ಚೀಲದಲ್ಲಿ ಕಟ್ಟಿಕೊಂಡು ಬಂದು ತಮಗೆ ಮೆತ್ತನೆಯ ಹಾಸಿಗೆಯಾಗಿ ಹರಡಿದರು. ಪ್ರವಾಸದಿಂದ ಬಂದ ಗಗನಾ ಗಂಟೆಗಳನ್ನು ಎಣಿಸಿ, ನಾಲ್ಕು ಹಾಳೆಯನ್ನು ಮತ್ತೆ ಓದಿದಳು. ಹಾಸಿಗೆಗೆ 'ಸೀಡರ್' ಎಂಬ ಮರದ ಪುಡಿ ಬಳಸಬಾರದು ಎಂದು ಅಲ್ಲಿ ಬರೆದದ್ದು ಹೌದು. ಅದು ಯಾವುದೋ ಪರದೇಶದ ಮರ, ಹೇರೋಹಳ್ಳಿಯಲ್ಲಿ ಎಲ್ಲಿ ಸಿಗಬೇಕು ಎಂದು ನಾನು ಹೇಳಿದೆ, ಅವಳೂ ಇರಬಹುದು ಎಂದಳು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೊಸ ಮನೆ ಹೊಕ್ಕವರನ್ನು ನಾನು ಕಂಡಿಲ್ಲ. ಆದ್ದರಿಂದ ತಾವು ಆ ತಿಂಗಳು ಪೂರ್ತಿ, ದಾರದಿಂದ ಬಿಗಿದ ಅದೇ ಹಳೆಯ ಡಬ್ಬಿಯಲ್ಲಿ, ಹಳೆಯ ಪೇಪರಿನ ಮೇಲೆ ಇದ್ದಿರಿ. ವಾರಕ್ಕೊಮ್ಮೆ ಗಗನಾ ತಾರಸಿಯ ಮೇಲೆ ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ ಇಕ್ಕಳದಲ್ಲಿ ಹಿಡಿದು ಕೊಡುತ್ತಿದ್ದ ಸತ್ತ ಬಿಳಿ ಇಲಿಯನ್ನು ತಪ್ಪದೆ ತಿಂದಿರಿ. ಈರುಳ್ಳಿ ಬೆಳ್ಳುಳ್ಳಿಗೂ ಪಂಚಾಂಗ ನೋಡುವ ಮನೆಯಲ್ಲಿ ಅದು ಹೇಗೆ ನಡೆಯಿತು ಎಂಬುದನ್ನು ಗೇಟಿನ ಬಳಿ ವಿವರಿಸಲಾರೆ. ಶ್ರಾವಣದ ಮೊದಲ ಶುಕ್ರವಾರ, ಬೆಳಗ್ಗೆ ಒಂಬತ್ತೂಕಾಲಕ್ಕೆ, ಮಾವಿನ ತೋರಣ ಕಟ್ಟಿ ತಮ್ಮ ಗೃಹಪ್ರವೇಶ ಮಾಡಿಸಿದೆವು. ಮರುದಿನವೇ ನಾಗರ ಪಂಚಮಿ. ಎದುರು ಮನೆಯ ಶಿವಗಂಗಮ್ಮನವರು ಹಾಲು, ಅರಿಶಿನ, ತಂಬಿಟ್ಟು ಹಿಡಿದು ಬಂದರು. ಅವರ ಹಿಂದೆ ಇಡೀ ಅಡ್ಡರಸ್ತೆ ಬಂತು. ಗಂಟೆಗಳು ಮೊಳಗಿದವು, ಕರ್ಪೂರ ಬೆಳಗಿತು, ಗಾಜಿನ ಸಂದಿಯಿಂದ ಹಾಲು ಹರಿಯಿತು. ಯಾರೂ ತಟ್ಟದ, ಯಾರೂ ಇಣುಕದ ಮೂಲೆಯಲ್ಲಿ ತಾವು ಉಂಡೆಯಾಗಿ ಕುಳಿತಿದ್ದಿರಿ. ಎಷ್ಟು ಗಂಭೀರವಾಗಿ ಕುಳಿತಿದ್ದಾನೆ ನೋಡಿ ಎಂದು ಎಲ್ಲರೂ ಮೆಚ್ಚಿಕೊಂಡರು. ನಿಜ ಹೇಳುತ್ತೇನೆ, ನನಗೂ ಅಂದು ಹೆಮ್ಮೆಯಾಯಿತು.

ಆ ವಾರ ತಾವು ತಿನ್ನಲಿಲ್ಲ. ಮುಂದಿನ ವಾರವೂ ತಿನ್ನಲಿಲ್ಲ. ಗಗನಾ ಇಲಿ ಹಿಡಿದು ಮುಂದೆ ನಿಂತರೆ ತಾವು ಮುಖ ತಿರುಗಿಸುತ್ತಿದ್ದಿರಿ. ಶಿವಗಂಗಮ್ಮನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಶ್ರಾವಣ ಅಲ್ವೇನ್ರೀ ಪಂಕಜಮ್ಮ, ಉಪವಾಸ ಹಿಡಿದಿದ್ದಾನೆ. ನೀವು ಮೂಗಿನ ಮುಂದೆ ಇಲಿ ಆಡಿಸಿ ವ್ರತ ಕೆಡಿಸ್ತೀರಲ್ಲ" ಎಂದು ನನ್ನನ್ನೇ ಗದರಿಸಿದರು. ಶ್ರಾವಣ ಮುಗಿದ ಮೇಲೆ ಗೌರಿ ಹಬ್ಬದವರೆಗೆ ಎಂದರು. ಈಗ ಪಿತೃಪಕ್ಷ ಎನ್ನುತ್ತಿದ್ದಾರೆ. ನಮ್ಮ ಪಂಚಾಂಗದಲ್ಲಿ ಒಂದು ಹಾವು ಊಟ ಬಿಡಲು ಕಾರಣ ಸಿಗದ ತಿಂಗಳೇ ಇಲ್ಲವೆಂದು ನಾನು ಈ ವರ್ಷ ಕಲಿತೆ. ವ್ರತದಲ್ಲಿ ನಂಬಿಕೆ ಇಲ್ಲದ ಇನ್ನೊಂದು ಪಂಗಡದವರು ತಮಗೆ ರುಚಿ ಬದಲಾವಣೆ ಬೇಕಾಗಿದೆ ಎಂದು ತರ್ಕಿಸಿ, ತಮ್ಮ ತಮ್ಮ ಮನೆಯ ಇಲಿಬೋನುಗಳನ್ನು ಇಲಿಯ ಸಮೇತ ನಮ್ಮ ಗೇಟಿನಲ್ಲಿಟ್ಟು ಹೋಗತೊಡಗಿದರು. ಒಂದು ಭಾನುವಾರ ಏಳು ಬೋನುಗಳಿದ್ದವು. ಬೋನು ವಾಪಸ್ ಕೊಡಿ ಎಂದು ಕೇಳಿದವರು ಒಬ್ಬರೇ.

ನಾನು ಎರಡೂ ಪಂಗಡಗಳ ಮಾತಿಗೆ ತಲೆಯಾಡಿಸುತ್ತಿದ್ದೆ. ಶನಿವಾರ ಒಪ್ಪೊತ್ತು ಮಾಡುವವಳಾದ ನನಗೆ, ಮನೆಯಲ್ಲಿ ಇನ್ನೊಬ್ಬರೂ ಮಾಡುತ್ತಿದ್ದಾರೆಂದರೆ ಒಳಗೊಳಗೆ ಸಂತೋಷವೇ ಆಗಿತ್ತು. ಸೆಪ್ಟೆಂಬರಿನಲ್ಲಿ ಒಂದು ದಿನ ಗಾಜು ಒರೆಸುವಾಗ ತಮ್ಮ ಉಸಿರಿನ ಸದ್ದು ಕೇಳಿಸಿತು. ಸಣ್ಣ ಸೀಟಿಯಂತೆ ಇತ್ತು. ಬಾಯಿ ಸ್ವಲ್ಪ ತೆರೆದಿತ್ತು, ಅಂಚಿನಲ್ಲಿ ನೊರೆ. ಹಿಟ್ಟು ತೂಗುವ ತಕ್ಕಡಿಯಲ್ಲಿ ಇಟ್ಟು ನೋಡಿದರೆ ಒಂಬೈನೂರು ಗ್ರಾಂ ಇದ್ದವರು ಏಳುನೂರಕ್ಕೆ ಇಳಿದಿದ್ದಿರಿ. ಗಗನಾಳೂ ನಾನೂ ಆಟೋ ಹಿಡಿದು ಹೆಬ್ಬಾಳದ ಕಡೆ ಹಾವು ಹಕ್ಕಿಗಳನ್ನು ನೋಡುವ ಡಾಕ್ಟರೊಬ್ಬರ ಬಳಿಗೆ ಓಡಿದೆವು. ಅವರು ದಿಂಬಿನ ಚೀಲವನ್ನು ಬಿಚ್ಚುವ ಮೊದಲೇ ಮೂಗೆಳೆದು, "ಏನಿದು ವಾಸನೆ, ಎಲ್ಲಿಟ್ಟಿದ್ರಿ ಇದನ್ನ?" ಎಂದರು. ಹೇಳಿದೆವು. ದೇವದಾರೂ ಸೀಡರ್ ಕುಲದ್ದೇ, ನಮ್ಮ ಮೂಗಿಗೆ ಹಿತವಾಗಿರುವ ಅದರ ಎಣ್ಣೆಯ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಹಾವಿನ ಶ್ವಾಸಕೋಶವನ್ನು ಸುಡುತ್ತದೆ ಎಂದು ಅವರು ವಿವರಿಸಿದರು. ಊದುಬತ್ತಿ, ಕರ್ಪೂರ, ಕೊಳೆತ ಹಾಲು ಸೇರಿ ಉಳಿದ ಹಾನಿಯನ್ನು ಮಾಡಿ ಮುಗಿಸಿದ್ದವು. ಕೊನೆಗೆ, "ಮೇಡಮ್, ಹಾವನ್ನ ದೇವರು ಮಾಡಿದ್ರೆ ಅದು ಬೇಗ ದೇವರ ಹತ್ರ ಹೋಗತ್ತೆ ಅಷ್ಟೆ" ಎಂದರು. ಒಳ್ಳೆಯ ಮನುಷ್ಯರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದೇ ತಮ್ಮನ್ನು ಕ್ಲಿಪ್ ಇರುವ ನೀಲಿ ಡಬ್ಬಿಗೆ ಸ್ಥಳಾಂತರಿಸಲಾಯಿತು. ಬಿಸಿ ಮಾಡಿದ ಕಂಬಿಯಿಂದ ಸುತ್ತ ತೂತು, ಕೆಳಗೆ ಪೇಪರು, ಎರಡು ಬದಿಗೆ ಬಾಯಿ ಒಡೆದು ಕವುಚಿ ಹಾಕಿದ ಎರಡು ಮಣ್ಣಿನ ಕುಡಿಕೆ, ಮೂಲೆಯಲ್ಲಿ ನೀರು. ಕಟ್ಟಲು ಇಪ್ಪತ್ತು ನಿಮಿಷ ಹಿಡಿಯಿತು. ಮೂರು ದಿನಕ್ಕೊಮ್ಮೆ ಇಂಜೆಕ್ಷನ್ ನಡೆದಿದೆ, ಉಸಿರಿನ ಸೀಟಿ ನಿಂತಿದೆ. ಆದರೆ ಇಂದಿಗೆ ತಾವು ಊಟ ಬಿಟ್ಟು ಐವತ್ತೈದು ದಿನ. ಸೋಮವಾರದವರೆಗೆ ತಾನಾಗಿ ತಿನ್ನದಿದ್ದರೆ ಗಂಟಲಿಗೆ ಕೊಳವೆ ಇಳಿಸಬೇಕು, ಈ ನಿತ್ರಾಣದಲ್ಲಿ ಅದನ್ನು ತಡೆದುಕೊಳ್ಳುತ್ತದೆ ಎಂದು ಮಾತು ಕೊಡಲಾರೆ ಎಂದು ಡಾಕ್ಟರು ಹೇಳಿದ್ದಾರೆ. ಇಂದು ಶನಿವಾರ.

ಮಾನ್ಯರೇ, ಈಗ ನನ್ನ ದೂರಿಗೆ ಬರುತ್ತೇನೆ. ತಾವು ಯಾಕೆ ಒಂದು ಮಾತು ಹೇಳಲಿಲ್ಲ? ಅಳದ ಮಗುವಿಗೆ ಅಮ್ಮನೂ ಹಾಲು ಕೊಡುವುದಿಲ್ಲ ಎಂಬುದು ತಮಗೆ ಆಫ್ರಿಕಾದಲ್ಲಿ ಯಾರೂ ಹೇಳಿಕೊಡಲಿಲ್ಲವೇ? ನನ್ನ ಮೇಜಿನ ಮೇಲೆ ದಿನಕ್ಕೆ ನಲವತ್ತು ದೂರು ಬೀಳುತ್ತವೆ. ಚರಂಡಿಯ ಮುಚ್ಚಳ ಒಂದು ಇಂಚು ಸರಿದರೆ ಜನ ಮೂರು ಪ್ರತಿಯಲ್ಲಿ ಬರೆಯುತ್ತಾರೆ. ನಾನು ಕಟ್ಟಿಸಿದ ಮನೆಯಲ್ಲಿ, ನಾನು ಹೂಂ ಎಂದ ಮರದಿಂದ, ಐದು ವಾರ ಉಸಿರು ಕಟ್ಟಿಕೊಂಡು ಕುಳಿತ ತಾವು ಬುಸ್ ಎನ್ನಲಿಲ್ಲ, ಗಾಜಿಗೆ ತಲೆ ಬಡಿಯಲಿಲ್ಲ, ತಲೆಯನ್ನು ಇನ್ನಷ್ಟು ಒಳಗೆ ತೂರಿಸಿದಿರಿ. ಮೌನವೇ ಸಮ್ಮತಿ ಎಂದುಕೊಳ್ಳುವುದು ನಮ್ಮ ಕಚೇರಿಯ ಪದ್ಧತಿ. ಮನೆಯಲ್ಲಿಯೂ ಅದನ್ನೇ ಮಾಡಿದೆ. ದೂರು ಬಂದಿಲ್ಲ, ಆದ್ದರಿಂದ ಎಲ್ಲವೂ ಸರಿಯಾಗಿದೆ ಎಂದು ಷರಾ ಬರೆದು ಕಡತ ಮುಚ್ಚಿದೆ. ನನಗೆ ತುಂಬ ನಾಚಿಕೆಯಾಗಿದೆ.

ಇನ್ನೂ ಒಂದು ಮಾತು. ಆಟೋದಲ್ಲಿ ವಾಪಸ್ ಬರುವಾಗ ಗಗನಾ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಪ್ಲಾಸ್ಟಿಕ್ ಡಬ್ಬಿ ಸಾಕು ಅಂದಿದ್ದೆನಲ್ಲ ಎಂದು ಚುಚ್ಚಲಿಲ್ಲ. ಮನೆಗೆ ಬಂದು, ಇಂಜೆಕ್ಷನ್ ಸಮಯವನ್ನು ಚೀಟಿಯಲ್ಲಿ ಬರೆದು ಅಂಟಿಸಿ, ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ವಾರದಿಂದ "ಊಟ ಆಯ್ತು", "ಬೇಡಮ್ಮ", "ಸರಿ" ಇಷ್ಟೇ. ಚಿಕ್ಕವಳಿದ್ದಾಗಿನಿಂದ ಅವಳು ಹಾಗೆಯೇ, ನೋವಾದರೆ ಮುಖ ತೋರಿಸುವುದಿಲ್ಲ. ನಾನು ಅದನ್ನು ಒಳ್ಳೆಯ ನಡತೆ ಎಂದುಕೊಂಡಿದ್ದೆ. ಊರಿನವರ ದೂರಿಗೆಲ್ಲ ಉತ್ತರ ಬರೆಯುವವಳ ಮನೆಯಲ್ಲಿ ದೂರನ್ನೇ ಕೊಡದವರು ಇಬ್ಬರು ಸೇರಿಕೊಂಡಿದ್ದೀರಿ, ಇದು ಯಾವ ನ್ಯಾಯ?

ಆದ್ದರಿಂದ ತಮ್ಮಲ್ಲಿ ಈ ಕೆಳಗಿನಂತೆ ಪ್ರಾರ್ಥನೆ. ಇನ್ನು ಮುಂದೆ ತಮಗೆ ಯಾವುದೇ ಅನಾನುಕೂಲವಾದಲ್ಲಿ ಇಪ್ಪತ್ನಾಲ್ಕು ಗಂಟೆಗಳ ಒಳಗಾಗಿ ಸ್ಪಷ್ಟ ಕನ್ನಡದಲ್ಲಿ ತಿಳಿಸತಕ್ಕದ್ದು, ಕನ್ನಡ ಬಾರದಿದ್ದಲ್ಲಿ ಒಂದು ಬಾರಿ ಕೆಮ್ಮಿದರೂ ಸಾಕು. ಬಿಸಿ ಹೆಚ್ಚಾದರೆ ಎಡಗಡೆಗೂ, ಚಳಿಯಾದರೆ ಬಲಗಡೆಗೂ, ನನ್ನ ಮೇಲೆ ಸಿಟ್ಟು ಬಂದರೆ ನಟ್ಟನಡುವೆಯೂ ಮಲಗತಕ್ಕದ್ದು. ಪೊರೆ ಬಿಡುವ ಕಾರ್ಯಕ್ರಮವನ್ನು ಸಾಧ್ಯವಾದಷ್ಟು ಎರಡನೇ ಶನಿವಾರಗಳಂದು ಇಟ್ಟುಕೊಂಡರೆ ನನಗೂ ನೋಡಲು ಅನುಕೂಲ. ಊಟದ ವಿಷಯದಲ್ಲಿ ಮಾತ್ರ ಯಾವ ಷರತ್ತೂ ಇಲ್ಲ. ಏಕಾದಶಿ, ಅಮಾವಾಸ್ಯೆ, ಗ್ರಹಣ, ನಮ್ಮ ಅತ್ತೆಯವರ ತಿಥಿ, ಯಾವ ದಿನವಾದರೂ ಸರಿ, ತಾವು ತಿಂದರೆ ಸಾಕು. ನಾಳೆ ಭಾನುವಾರ. ದಯವಿಟ್ಟು ನಾಳೆಯೇ ತಿನ್ನಿ.

ಭಾನುವಾರ, 7 ಅಕ್ಟೋಬರ್

ಮೇಲಿನದ್ದು ನಿನ್ನೆ ಬರೆದದ್ದು. ಸಹಿ ಹಾಕಿ ಗೇಟಿಗೆ ಅಂಟಿಸುವ ಮೊದಲು ಈ ಕೆಳಗಿನ ಸಂಗತಿಯನ್ನು ಸೇರಿಸಬೇಕಾಗಿ ಬಂದಿದೆ.

ಇಂದು ಬೆಳಗ್ಗೆ ಹನ್ನೊಂದಕ್ಕೆ ಗಗನಾ ಇಲಿ ಬೆಚ್ಚಗೆ ಮಾಡಲು ತಾರಸಿಗೆ ಹೊರಟಾಗ, ನಾನೇ ಮಾಡುತ್ತೇನೆ ಎಂದೆ. ನನ್ನ ಇಷ್ಟು ವಯಸ್ಸಿನಲ್ಲಿ ಇಲಿ ಮುಟ್ಟಿದ್ದು ಅದೇ ಮೊದಲು. ಅವಳು ನನ್ನ ಮುಖ ನೋಡಿ ಬಿಸಿನೀರಿನ ಪಾತ್ರೆ ಕೊಟ್ಟಳು. ಕೆಳಗೆ ಬಂದು, ಒದ್ದೆಯಾದ ಪೇಪರನ್ನು ಮೊದಲು ಬದಲಾಯಿಸಿಬಿಡೋಣ ಎಂದು ಕೈ ತೊಳೆಯದೆ ಡಬ್ಬಿಯೊಳಗೆ ಕೈ ಹಾಕಿದೆ. ಬಲಬದಿಯ ಕುಡಿಕೆಯಿಂದ ತಮ್ಮ ತಲೆ ಹೊರಗೆ ಬಂತು. ನಾಲಿಗೆ ಎರಡು ಸಲ ಆಡಿತು. ಮುಂದೆ ನಡೆದದ್ದನ್ನು ನಾನು ನೋಡಲಿಲ್ಲ, ಅಷ್ಟು ವೇಗವಾಗಿತ್ತು. ನೋಡಿದಾಗ ನನ್ನ ಬಲಗೈಯ ತೋರುಬೆರಳು ತಮ್ಮ ಬಾಯಲ್ಲಿತ್ತು.

ನನ್ನ ಕೂಗಿಗೆ ಯಜಮಾನರು ಡೆಟಾಲ್ ಹಿಡಿದು ಓಡಿ ಬಂದು, ಗಾಬರಿಯಲ್ಲಿ ತಮ್ಮದೇ ಕೈಗೆ ಹಚ್ಚಿಕೊಂಡರು. ತಾವು ಅಷ್ಟರಲ್ಲಿ ಬೆರಳನ್ನು ಬಿಟ್ಟು ಹಿಂದೆ ಸರಿದು, ಕತ್ತನ್ನು ಎತ್ತಿ, ನನ್ನನ್ನು ನೇರವಾಗಿ ನೋಡುತ್ತಿದ್ದಿರಿ. ಉಂಡೆಯಾಗಲಿಲ್ಲ. ಬೆರಳಿನ ಮೇಲೆ ಸೂಜಿ ಚುಚ್ಚಿದಂತೆ ಸಾಲಾಗಿ ಹದಿನಾಲ್ಕು ಕೆಂಪು ಚುಕ್ಕೆಗಳು ಮೂಡಿದ್ದವು. ಗಗನಾ ಅವನ್ನು ಹಿಡಿದು ನೋಡಿ, ತುಟಿ ಕಚ್ಚಿ, ತಡೆಯಲಾಗದೆ ನಕ್ಕುಬಿಟ್ಟಳು. "ಅಮ್ಮ, ನಿನ್ನ ಬೆರಳನ್ನ ಊಟ ಅಂದ್ಕೊಂಡ ಕಣಮ್ಮ. ಇವನಿಗೆ ಹಸಿವಾಗಿದೆ" ಎಂದಳು. ಆಮೇಲೆ ಅವಳು ಇಕ್ಕಳದಲ್ಲಿ ಇಲಿ ಹಿಡಿದಳು, ನಾನು ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತೆ. ತಾವು ಹಿಡಿದಿರಿ, ಸುತ್ತಿದಿರಿ, ತಲೆ ಯಾವ ಕಡೆ ಇದೆ ಎಂದು ನಿಧಾನವಾಗಿ ಹುಡುಕಿದಿರಿ, ನುಂಗಿದಿರಿ. ಹನ್ನೊಂದು ಇಪ್ಪತ್ತರಿಂದ ಹನ್ನೊಂದು ಮೂವತ್ತೇಳರವರೆಗೆ. ಒಂದು ಪ್ರಾಣಿ ಇನ್ನೊಂದು ಪ್ರಾಣಿಯನ್ನು ತಿನ್ನುವುದನ್ನು ನಾನು ಅಷ್ಟು ಪ್ರೀತಿಯಿಂದ ನೋಡುತ್ತೇನೆಂದು ಯಾರಾದರೂ ಹೇಳಿದ್ದರೆ ಅವರ ಮೇಲೆ ನಾನೇ ದೂರು ಬರೆಯುತ್ತಿದ್ದೆ.

ಆಮೇಲೆ ಗಗನಾ ನನ್ನ ಬೆರಳಿಗೆ ಸರಿಯಾಗಿ ಪಟ್ಟಿ ಕಟ್ಟುತ್ತ, ನನ್ನ ಮುಖ ನೋಡದೆ, "ನಂಗೆ ತುಂಬಾ ಕೋಪ ಬಂದಿತ್ತಮ್ಮ ನಿನ್ಮೇಲೆ. ನನ್ನ ಒಂದು ಮಾತು ಕೇಳದೆ ಮಾಡಿಸ್ದೆ" ಎಂದಳು. ಹೇಳು, ಇನ್ನೂ ಏನೇನಿದೆ ಎಲ್ಲ ಹೇಳು ಎಂದೆ. ಅವಳು ಹೇಳತೊಡಗಿದಳು. ಮಧ್ಯಾಹ್ನದ ಊಟಕ್ಕೆ ತಡವಾಯಿತು. ಅವಳಿಗೆ ಹೇಳಲು ಬಹಳವಿತ್ತು, ಏಳನೇ ಕ್ಲಾಸಿನಿಂದ ಆರಂಭಿಸಿದಳು. ನಾನು ನಡುವೆ ಬಾಯಿ ಹಾಕಲಿಲ್ಲ, ಸಮಜಾಯಿಷಿ ಬರೆಯಲಿಲ್ಲ.

ತಮ್ಮ ಹದಿನಾಲ್ಕು ಚುಕ್ಕೆಗಳ ದೂರು ತಲುಪಿದೆ, ಮಾನ್ಯರೇ. ನನ್ನ ಸೇವಾವಧಿಯಲ್ಲಿ ಇಷ್ಟು ಸಂಕ್ಷಿಪ್ತವಾದ, ಇಷ್ಟು ಸ್ಪಷ್ಟವಾದ ದೂರನ್ನು ನಾನು ಸ್ವೀಕರಿಸಿಲ್ಲ. ಇದಕ್ಕೆ ಉತ್ತರವಾಗಿ ನನ್ನ ಬಳಿ ಒಂದೇ ವಾಕ್ಯವಿದೆ, ಇಷ್ಟು ವರ್ಷದಲ್ಲಿ ಯಾವ ಕಾಗದದ ಮೇಲೂ ಬರೆಯಲು ನನಗೆ ಅನುಮತಿ ಇರದಿದ್ದ ವಾಕ್ಯ: ತಪ್ಪು ನಮ್ಮದು.

ಎಡಗೈಯಲ್ಲಿ ಸಹಿ ಮಾಡಿರುವ,
ತಮ್ಮ ವಿಶ್ವಾಸಿ,
ಪಂಕಜಾ

ವಿ.ಸೂ.: ತಾವು ತಿಂದ ಸುದ್ದಿಯನ್ನು ಫೋನಿನಲ್ಲಿ ತಿಳಿಸಿದಾಗ ಡಾಕ್ಟರು ಸಂತೋಷಪಟ್ಟು, ಸರಿಯಾಗಿ ನೋಡಿಕೊಂಡರೆ ತಮ್ಮ ಕುಲದವರು ಮೂವತ್ತು ವರ್ಷ ಬಾಳುತ್ತಾರೆ ಎಂದರು. ತಮಗೀಗ ಒಂದು ವರ್ಷ. ಉಳಿದ ಇಪ್ಪತ್ತೊಂಬತ್ತನ್ನು ನನ್ನ ವಯಸ್ಸಿಗೆ ಕೂಡಿಸಿ ನೋಡಿದೆ, ಎಂಬತ್ತಮೂರು ಬಂತು. ಅಲ್ಲಿಯವರೆಗೆ ನಾನು ಇರುತ್ತೇನೆ ಎಂದು ಯಜಮಾನರು ಕೂಡ ಯಾವ ಪಾಲಿಸಿಯಲ್ಲಿಯೂ ಬರೆದುಕೊಡಲು ಸಿದ್ಧರಿಲ್ಲ. ಆದ್ದರಿಂದ ನಮ್ಮಿಬ್ಬರಲ್ಲಿ ಮೊದಲು ಹೊರಡುವವರು ಇನ್ನೊಬ್ಬರಿಗೆ ಮೂರು ತಿಂಗಳು ಮುಂಚಿತವಾಗಿ ತಿಳಿಸತಕ್ಕದ್ದು. ಸುಮ್ಮನೆ ಸುತ್ತಿಕೊಂಡು ಹೊರಟುಬಿಡುವುದನ್ನು ನಾನಂತೂ ಒಪ್ಪುವುದಿಲ್ಲ.